ಕೈ ಎತ್ತಿದ ಮೇಲೆಯೇ ಹೆಸರು

ಸಂಘದ ಅಧ್ಯಕ್ಷೆ ನೀಲಾಂಬಿಕಾ ಅವರೇ, ಶಾರ್ಜಾದಿಂದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಈಗಷ್ಟೇ ಬಂದಿರುವ ಮುಖ್ಯ ಅತಿಥಿಗಳೇ, ಬಿರಿಯಾನಿಯ ಘಮಕ್ಕೂ ಜಗ್ಗದೆ ಕುಳಿತ ಸಭಿಕರೇ,

ಹತ್ತು ವರ್ಷ ಮೈಕು ಹಿಡಿದದ್ದಕ್ಕೆ ಈ ಗುರುನಾಥನಿಗೆ ಶಾಲು ಹೊದಿಸಿದ್ದೀರಿ. ದುಬೈ ಸೆಕೆಯಲ್ಲಿ ಉಣ್ಣೆಯ ಶಾಲು! ಇದು ಸನ್ಮಾನವೋ, ಸೇಡೋ?

ನನ್ನ ಮೇಲೆ ನಿಮಗೊಂದು ದೂರಿದೆ. ಬಹುಮಾನ ಪಡೆಯುವವರು ಕೈ ಎತ್ತದೆ ನಾನು ಹೆಸರು ಕೂಗುವುದಿಲ್ಲ. ಮೊದಲು ಕೆಳಗಿಳಿದು ಹುಡುಕುತ್ತೇನೆ, ಕೈ ಎತ್ತಿಸುತ್ತೇನೆ, ಆಮೇಲೆ ಮೈಕು. ಹೋದ ವರ್ಷ ಪುಟ್ಟ ಗಾನವಿ ಬಾತ್‌ರೂಮಿಗೆ ಹೋಗಿದ್ದಳೆಂದು ಸಭೆಯನ್ನೇ ನಿಲ್ಲಿಸಿದೆ. ನೀವು ಎರಡು ಸಲ ಚಹಾ ಕುಡಿದಿರಿ. ಯಾಕೆ ಹೀಗೆ ಎಂದು ಕೇಳಿದವರಿಗೆಲ್ಲ ಇವತ್ತು ಹೇಳುತ್ತೇನೆ.

ತೊಂಬತ್ತರಲ್ಲಿ ನಾನು ಕುವೈತಿನಲ್ಲಿದ್ದೆ. ಅಂಗಡಿಯ ಮುಂದೆ ನಿಂತು ಹಿಂದಿಯಲ್ಲಿ ಆಫರ್ ಕೂಗುವ ಕೆಲಸ. ಊರು ಬೇರೆಯವರ ಸೈನ್ಯದ ಕೈಗೆ ಹೋಯಿತು. ಗಂಟಲು ಚೆನ್ನಾಗಿದೆಯೆಂದು ಅವರು ನನ್ನನ್ನು ಮೈಕಿನ ಜೀಪು ಹತ್ತಿಸಿದರು. ನಮ್ಮವರಿರುವ ಬೀದಿಗಳಲ್ಲಿ ಹಿಂದಿಯಲ್ಲಿ ಓದಬೇಕಾದದ್ದು ಅವರ ಮಿಲಿಟರಿ ಕೋರ್ಟಿನ ತೀರ್ಪು. ಹಿಟ್ಟು ಬಚ್ಚಿಟ್ಟವನಿಗೆ ಮರಣದಂಡನೆ, ಸರದಿ ಮುರಿದವನಿಗೂ ಅದೇ. ತೀರ್ಪು ಒಬ್ಬನಿಗೆ, ನಡುಕ ಇಡೀ ಬೀದಿಗೆ. ಅವರಿಗೆ ಬೇಕಾದದ್ದೂ ಅಷ್ಟೇ.

ಒಂದು ಮಂಗಳವಾರ, ಶುಕ್ರವಾರ ಓದಬೇಕಾದ ಹಾಳೆ ಕೈಗೆ ಬಂತು. ಐದು ಹೆಸರು. ವಿಚಾರಣೆ ಗುರುವಾರವಂತೆ, ತೀರ್ಪು ಆಗಲೇ ಟೈಪಾಗಿತ್ತು! ಮೂರನೆಯ ಹೆಸರು ನಮ್ಮ ಬೇಕರಿಯ ಅಲಿಯಬ್ಬ. ಓಡಿದೆ. “ಏಳೋ ಅಲಿಯಬ್ಬ, ನಿನ್ನ ಹೆಸರು ಹಾಳ್ಯಾಗ ಐತಿ!” ಎಂದೆ. ಪುಣ್ಯಾತ್ಮ ಕೇಳಿದ್ದೇನು ಗೊತ್ತೇ? “ಹಾಗಾದ್ರೆ ಗುರುವಾರ ನಾನು ಕೋರ್ಟಿಗೆ ಹೋಗ್ಲಿಕ್ಕುಂಟಾ ಇಲ್ವಾ ಮಾರಾಯ್ರೆ? ಎಲ್ಲ ಅವರೇ ಮುಗಿಸಿದ್ದಾರಲ್ಲ!”

ಬುಧವಾರ ಜೋರ್ಡಾನಿನ ಬಸ್ಸು ಹತ್ತಿದ. ಶುಕ್ರವಾರ ನಾನು ಅವನ ಮರಣದಂಡನೆಯನ್ನು ಗಂಟಲು ಬಿಚ್ಚಿ ಓದಿದೆ. ಅಷ್ಟು ಖುಷಿಯಿಂದ ಯಾರ ಸಾವನ್ನೂ ಯಾರೂ ಸಾರಿರಲಿಕ್ಕಿಲ್ಲ! ಈಗ ಅದೇ ಅಲಿಯಬ್ಬ ಪ್ರತಿ ವರ್ಷ ಮುಂದಿನ ಸಾಲಿನಲ್ಲಿ ಕುಳಿತು ಮೈಕು ಸರಿಯಿಲ್ಲ ಎನ್ನುತ್ತಾರೆ.

ಉಳಿದ ನಾಲ್ವರ ಮನೆ ನನಗೆ ಗೊತ್ತಿರಲಿಲ್ಲ. ಮದುವೆಯಾದಾಗಿನಿಂದ ಹೆಂಡತಿಗೂ ಹಾಗೆಯೇ ಹೇಳಿದ್ದೇನೆ. ಆದರೆ ಒಬ್ಬನ ಬೀದಿಯ ಹೆಸರು ಹಾಳೆಯಲ್ಲೇ ಇತ್ತು. ಶುಕ್ರವಾರ ಜೀಪು ಅದೇ ಬೀದಿಯಲ್ಲಿ ನಿಂತಿತ್ತು, ನಾನು ಅವನ ಹೆಸರು ಓದಿದೆ. ಮಂಗಳವಾರವೇ ಹೋಗಬಹುದಿತ್ತು. ಹೆದರಿದೆ, ಹೋಗಲಿಲ್ಲ.

ಇರಲಿ, ಊಟ ಆರುತ್ತಿದೆ. ಅಲಿಯಬ್ಬ ಸಾಹೇಬರೇ, ಇದ್ದೀರಾ? ಕೈ ಎತ್ತಿ. ಅಯ್ಯೋ, ಎರಡೂ ಯಾಕೆ, ಒಂದು ಸಾಕು! ಬನ್ನಿ, ಈ ಶಾಲು ನಿಮಗೆ.

ಹಾಳೆಯ ಉಳಿದ ನಾಲ್ಕು ಹೆಸರೂ ನನಗೆ ಬಾಯಿಪಾಠವಿದೆ. ಕೂಗುವುದಿಲ್ಲ. ಕೂಗಿದರೆ ಕೈ ಏಳುವ ತನಕ ಕಾಯಬೇಕಾಗುತ್ತದೆ, ನಿಮಗೆಲ್ಲ ಹಸಿವಾಗಿದೆ.

ಇಷ್ಟು ಹೊತ್ತು ಕೇಳಿಸಿಕೊಂಡಿರಿ, ನಿಮ್ಮ ಉಪಕಾರ ದೊಡ್ಡದು. ನಮಸ್ಕಾರ.