ಏಳನೇ ಬೆಡ್ಡಿನ ಚಾರ್ಟು

ಬಾಗಿಲು ಸರಿಯಾಗಿ ಹಾಕಿದ್ದೀರಾ? ಸರಿ, ಹತ್ರ ಬನ್ನಿ, ಇದು ಜೋರಾಗಿ ಹೇಳೋ ವಿಷಯ ಅಲ್ಲ. ಮಧ್ಯದಲ್ಲಿ ಯಾರೂ ನಗಬೇಡಿ. ಎಲ್ಲೋ ಯಾರೋ ಹೇಳಿದ್ದು ಕೇಳ್ಕೊಂಡು ಬಂದದ್ದಲ್ಲ... ನಮ್ಮ ದೊಡ್ಡಪ್ಪನ ಮಗಳು ಇದ್ದಾಳಲ್ಲ, ನರ್ಸಕ್ಕ, ಅವಳಿಗೇ ಆಗಿದ್ದು. ಆ ರಾತ್ರಿ ಅವಳಿಗೆ ಬಾಗಿಲು ತೆಗೆದವಳು ನಾನು.

ಮಧ್ಯಾಹ್ನದ ಡ್ಯೂಟಿ ಮುಗಿಸಿ, ಒಂಬತ್ತೂವರೆಗೆ ಆಸ್ಪತ್ರೆ ಹಿಂದಿನ ಗಲ್ಲೀಲಿ ನಡ್ಕೊಂಡು ಬರ್ತಿದ್ಲು. ಅಲ್ಲೊಂದು ಹಳೇ ಬಾವಿ, ಮೇಲೆ ಕಬ್ಬಿಣದ ಜಾಲರಿ ಹಾಕಿ ಮುಚ್ಚಿದ್ದಾರೆ. ಬೀದಿ ದೀಪದ ಬೆಳಕು ಬಾವಿಗೆ ಹತ್ತು ಹೆಜ್ಜೆ ಮುಂಚೇನೇ ಮುಗಿದುಹೋಗುತ್ತೆ. ಅವಳ ಚಪ್ಪಲಿ ಚಟ್... ಚಟ್... ಅಷ್ಟೇ ಸದ್ದು. ಬಾವಿ ದಾಟಿದ್ಲು. ಹಿಂದೆ ಇನ್ನೊಂದು ಸದ್ದು ಶುರುವಾಯ್ತು. ಕ...ಚಕ್. ಕ...ಚಕ್. ಮರದ ಮೇಜಿನ ಮೇಲೆ ದೊಡ್ಡ ಕತ್ತರಿ ದಪ್ಪ ಬಟ್ಟೆ ಕತ್ತರಿಸುತ್ತಲ್ಲ, ಹಾಗೆ. ಅಕ್ಕ ನಿಂತ್ಲು. ಸದ್ದೂ ನಿಂತಿತು.

ಆಮೇಲೆ ಕಿವಿ ಹತ್ರ, ತೀರಾ ಮೆಲ್ಲಗೆ... "ಅಮ್ಮಾ... ಸ್ವಲ್ಪ ತಿರುಗಿಸಮ್ಮ."

ಅವಳು ಓಡ್ಲಿಲ್ಲ. ಯಾಕಂದ್ರೆ ಆ ಧ್ವನಿ ಯಾರದ್ದು ಅಂತ ಅವಳಿಗೆ ಗೊತ್ತಿತ್ತು. ಆರು ದಿನದ ಹಿಂದೆ ಅದೇ ಧ್ವನಿಗೆ "ಬಂದೆ ತಾತ, ಎರಡೇ ನಿಮಿಷ" ಅಂದಿದ್ಲು. ಹೋಗೋಕೆ ಆಗಿರ್ಲಿಲ್ಲ.

ತಡೀರಿ, ಮೊದಲಿಂದ ಹೇಳ್ತೀನಿ. ಇದನ್ನ ಹೇಳುವಾಗ ನನಗೆ ಹೆದರಿಕೆಗಿಂತ ಸಿಟ್ಟೇ ಜಾಸ್ತಿ ಬರುತ್ತೆ.

ಏಳನೇ ಬೆಡ್ಡಲ್ಲಿ ಒಬ್ಬರು ಟೈಲರ್ ತಾತ ಇದ್ರು. ಲಕ್ವಾ ಹೊಡೆದು ಬಲಗೈ ಒಂದು ಬಿಟ್ಟು ಏನೂ ಆಡ್ತಿರ್ಲಿಲ್ಲ. ಜೇಬಲ್ಲಿ ಮಾತ್ರ ಸದಾ ಒಂದು ನೀಲಿ ಸೀಮೆಸುಣ್ಣದ ಬಿಲ್ಲೆ, ಬಟ್ಟೆಗೆ ಗುರುತು ಹಾಕೋದು. "ಯಾರಮ್ಮ ಹೊಲಿದದ್ದು ಇದನ್ನ? ಭುಜ ಅರ್ಧ ಇಂಚು ಇಳಿದಿದೆ, ನಿನ್ನ ಯೂನಿಫಾರ್ಮ್ ನಿನಗಿಂತ ಸುಸ್ತಾಗಿದೆ" ಅಂತ ಅಕ್ಕನ ತೋಳಿನ ಮೇಲೆ ಗೆರೆ ಎಳೀತಿದ್ರಂತೆ. ಸ್ಕೇಲಿಲ್ಲ ಏನಿಲ್ಲ, ಮಲಗಿದಲ್ಲೇ... ದಾರ ಹಿಡಿದ ಹಾಗೆ ನೇರ.

ಅಂಥವರನ್ನ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿ ಮಲಗಿಸ್ಬೇಕು. ಇಲ್ಲಾಂದ್ರೆ ಸೊಂಟದ ಚರ್ಮ ಒಡೆದು ಹುಣ್ಣಾಗುತ್ತೆ, ತಾತನಿಗೆ ಆಗಲೇ ಆಗಿತ್ತು. ಬೆಡ್ಡಿನ ಕಾಲ ಹತ್ರ ಅದಕ್ಕೊಂದು ಚಾರ್ಟು. ಹತ್ತು ಗಂಟೆ, ಹನ್ನೆರಡು, ಎರಡು, ನಾಲ್ಕು, ಆರು... ಒಂದೊಂದಕ್ಕೂ ಒಂದು ಚೌಕ. ಎಡಕ್ಕೆ ತಿರುಗಿಸಿದ್ರೆ ಎಡ, ಬೆನ್ನ ಮೇಲಾದ್ರೆ ಬೆನ್ನು, ಪಕ್ಕದಲ್ಲಿ ಸಹಿ.

ಈಗ ಆ ವಾರ್ಡಿನ ಇನ್‌ಚಾರ್ಜ್ ಬಗ್ಗೆ ಕೇಳಿ. ಎಲ್ಲರೂ ಅವಳನ್ನ ಫುಲ್‌ಮಾರ್ಕ್ಸ್ ಮೇಡಂ ಅಂತ ಕರೀತಿದ್ರು, ಹಿಂದುಗಡೆ. "ಬೆಳಿಗ್ಗೆ ರೌಂಡ್ಸಿಗೆ ಒಂದು ಚೌಕ ಖಾಲಿ ಕಂಡ್ರೂ ಮೆಮೋ" ಅನ್ನೋಳು. ರಾತ್ರಿಗೆ ಮೂವತ್ತೆರಡು ಬೆಡ್ಡು, ಒಬ್ಬಳು ನರ್ಸು, ಒಬ್ಬಳು ಆಯಾ. ಆ ಆಯಾನೂ ಅರ್ಧ ರಾತ್ರಿ ಹೆರಿಗೆ ವಾರ್ಡಿಗೆ. ಹೇಗೆ ಆಗುತ್ತೆ ಹೇಳಿ? ಅದಕ್ಕೇ ಎಲ್ಲರೂ ಏನ್ಮಾಡ್ತಿದ್ರು... ರಾತ್ರಿ ಹತ್ತಕ್ಕೇ ಬೆಳಿಗ್ಗೆ ಆರರ ತನಕದ ಚೌಕ ತುಂಬಿಬಿಡ್ತಿದ್ರು. ಮೇಡಂಗೂ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇರೋದು ಅವಳ ಕೆಲಸ.

ಆ ರಾತ್ರಿ ಅಕ್ಕ ಹತ್ತಕ್ಕೆ ತಾತನ್ನ ತಿರುಗಿಸಿದ್ಲು, ಬಲಕ್ಕೆ. ಮಂಡಿ ಮಧ್ಯೆ ದಿಂಬಿಟ್ಟು, ಬೆನ್ನಿಗೆ ಪೌಡರ್ ಹಾಕಿ. ಎಲ್ಲ ಚೌಕನೂ ತುಂಬಿದ್ಲು. ಹನ್ನೆರಡಕ್ಕೆ ಹತ್ತೊಂಬತ್ತನೇ ಬೆಡ್ಡಲ್ಲಿ ಆಪರೇಷನ್ ಆದವನಿಗೆ ರಕ್ತ ಸೋರೋಕೆ ಶುರು. "ಅಮ್ಮಾ, ಸ್ವಲ್ಪ ತಿರುಗಿಸಮ್ಮ..." "ಬಂದೆ ತಾತ." ಎರಡಕ್ಕೆ ಇನ್ನೊಬ್ಬರ ಆಕ್ಸಿಜನ್ ಖಾಲಿ, ಸಿಲಿಂಡರ್ ಒಬ್ಬಳೇ ಉರುಳಿಸ್ಕೊಂಡು ಬಂದ್ಲು. "ಅಮ್ಮಾ..." "ಎರಡೇ ನಿಮಿಷ ತಾತ." ಮೂರೂ ಹತ್ತಕ್ಕೆ ಹೋದಾಗ ಕೈ ತಣ್ಣಗಾಗಿತ್ತು.

ಸಾವು ಅದರಿಂದ ಆದದ್ದಲ್ಲ, ಇನ್ನೊಂದು ಸಲ ಲಕ್ವಾ ಹೊಡೆದಿತ್ತು ಅಂತ ಡಾಕ್ಟರೇ ಹೇಳಿದ್ರು. ಆದ್ರೆ ಐದು ಗಂಟೆ ಅದೇ ಹುಣ್ಣಿನ ಮೇಲೆ ಮಲಗಿ, ಕರೆದೂ ಕರೆದೂ ಹೋದ್ರಲ್ಲ.

ಅಕ್ಕ ಬಿಳಿ ಬಟ್ಟೆ ಸುತ್ತಿ, ಬೆನ್ನ ಮೇಲೆ ನೆಟ್ಟಗೆ ಮಲಗಿಸಿ ಪರದೆ ಎಳೆದ್ಲು. ಆಯಾ ವಾಪಸ್ ಬಂದ್ಲು, ನಾವೆಲ್ಲ ಆಯಮ್ಮ ಅಂತೀವಿ, ಮೂವತ್ತು ವರ್ಷದ ಸರ್ವಿಸ್ಸು. ಇಬ್ಬರೂ ಮೇಜಿನ ಹತ್ರ ಕೂತಿದ್ರು. ಗೋಡೆ ಗಡಿಯಾರ ನಾಲ್ಕು...

ಕಿ...ರ್ರ್...

ಮಂಚದ ಸದ್ದು. ಒಂದೇ ಸಲ. ಪರದೆ ಸರಿಸಿದ್ರೆ... ತಾತ ಎಡಕ್ಕೆ ಮಲಗಿದ್ದಾರೆ. ಸುತ್ತಿದ ಬಟ್ಟೆಯೊಳಗೇ ಮಂಡಿ ಮಡಚಿದೆ. ಮಂಡಿ ಮಧ್ಯೆ ದಿಂಬು.

ಆಯಮ್ಮ ಹೋಗಿ ಚಾರ್ಟು ತೆಗೆದು ನೋಡಿದ್ಲು. ನಾಲ್ಕು ಗಂಟೆ: ಎಡ. ಅಕ್ಕನದ್ದೇ ಸಹಿ.

"ನೀನೇ ಬರೆದಿದ್ದೀಯಲ್ಲ ಮಗಳೇ," ಅಂದ್ಲು ಪಿಸುಮಾತಲ್ಲಿ. "ಪಾಪ... ಬರೆದ ಹಾಗೆ ನಡ್ಕೋತಿದ್ದಾರೆ."

"ಆಯಮ್ಮ, ಆರಕ್ಕೆ ಏನು ಬರೆದಿದ್ದೀನಿ?"

"ಬೆನ್ನು."

ಆರಕ್ಕೆ ಮತ್ತೆ ಕಿ...ರ್ರ್. ಬೆನ್ನ ಮೇಲೆ ನೆಟ್ಟಗೆ.

ಆಗ ಆಯಮ್ಮ ಹೇಳಿದ್ದನ್ನ ಅಕ್ಕ ಈಗಲೂ ಹೊಸ ಹುಡುಗೀರಿಗೆಲ್ಲ ಹೇಳ್ತಾಳೆ. "ಮಾಡಿದ್ದು ಬರಿ. ಮಾಡದೇ ಇದ್ದದ್ದನ್ನ ಮಾಡಿಲ್ಲ ಅಂತಾನೇ ಬರಿ. ಯಾಕೆ ಅಂತ ಬರಿ, ಗಂಟೆ ಹಾಕು. ಒಬ್ಬಳೇ ಇದ್ದೆ ಅಂತ ಬರಿ. ತಪ್ಪಾದ್ರೆ ಒಂದೇ ಗೆರೆ ಎಳೆದು ಸಹಿ ಮಾಡು. ಅಳಿಸ್ಬೇಡ, ಹರೀಬೇಡ. ಖಾಲಿ ಚೌಕಕ್ಕೆ ಬೈಗುಳ ಬೀಳುತ್ತೆ, ಸುಳ್ಳು ಚೌಕಕ್ಕೆ ತಲೇನೇ ಬೀಳುತ್ತೆ."

ಅಕ್ಕ ಪೆನ್ ತೆಗೆಯೋ ಹೊತ್ತಿಗೆ ಮೇಡಂ ಬಂದ್ಲು. ಸತ್ತವನಿಗೆ ನಾಲ್ಕಕ್ಕೂ ಆರಕ್ಕೂ ಮಗ್ಗುಲು ಬದಲಾಯಿಸಿದ ಚಾರ್ಟು ನೋಡಿ ಮುಖ ಸಿಂಡರಿಸ್ಕೊಂಡು, ಪರ್...ರ್ ಅಂತ ಹರಿದು ಜೇಬಿಗೆ ಹಾಕ್ಕೊಂಡ್ಲು. ಹೊಸ ಹಾಳೇಲಿ ಹತ್ತು, ಹನ್ನೆರಡು, ಎರಡು... ಈ ಮೂರು ಚೌಕ ಮಾತ್ರ ತಾನೇ ದುಂಡಗೆ ತುಂಬಿದ್ಲು.

"ಸಹಿ ಹಾಕು."

"ಮೇಡಂ, ಹನ್ನೆರಡಕ್ಕೂ ಎರಡಕ್ಕೂ ನಾನು..."

"ಈ ತಿಂಗಳು ನಿನ್ನ ಖಾಯಂ ಆರ್ಡರ್ ಅಲ್ವಾ? ಸಹಿ ಹಾಕಿ ಮನೆಗೆ ಹೋಗಿ ಮಲ್ಕೋ."

ಎರಡು ವರ್ಷ ಆ ಆರ್ಡರಿಗೆ ಕಾದಿದ್ಲು. ಹಾಕಿಬಿಟ್ಲು. ಹಾಳೆ ಫೈಲಿಗೆ, ಫೈಲು ಬೀರುವಿಗೆ, ಬೀರುವಿನ ಒಂದೇ ಕೀಲಿಕೈ ಮೇಡಂ ಸೊಂಟಕ್ಕೆ. ನನಗೆ ಆ ಕೀಲಿಕೈ ನೆನೆಸ್ಕೊಂಡ್ರೆ ಈಗಲೂ ಮೈ ಉರಿಯುತ್ತೆ.

ಮೂರೇ ದಿನಕ್ಕೆ ತಾತನ ಮಗ ದೂರು ಕೊಟ್ಟ, ಅಪ್ಪನ ಸೊಂಟದ ಹುಣ್ಣು ಅಂಗೈಯಗಲ ಹೇಗಾಯ್ತು ಅಂತ. ವಿಚಾರಣೆಗೆ ದಿನ ಗೊತ್ತಾಯ್ತು. ಅದರ ಹಿಂದಿನ ರಾತ್ರೀನೇ... ಬಾವಿ ಹತ್ರ ಆದದ್ದು.

ಬಾಗಿಲು ತೆಗೆದ್ರೆ ಅಕ್ಕನ ಮುಖ ಸುಣ್ಣದ ಹಾಗಿತ್ತು. ನೀರು ಕೊಟ್ಟೆ, ಕುಡೀಲಿಲ್ಲ.

"ಪೆನ್ ಕೊಡೇ. ಹಾಳೇನೂ ಕೊಡು, ಎರಡು ಪ್ರತಿ ಮಾಡ್ಬೇಕು."

"ಏನು ಬರೀತೀಯಾ?"

"ಮಾಡದೇ ಇದ್ದದ್ದನ್ನ."

"ಕೆಲಸ ಹೋದ್ರೆ?"

"ಹೋಗ್ಲಿ. ತಾತ ಇನ್ನೂ ಆ ಮಗ್ಗುಲಲ್ಲೇ ಇದ್ದಾರೆ ಕಣೇ."

ಎರಡನೇ ಪ್ರತಿ ನಾನೇ ಬರೆದೆ. ಅದಕ್ಕೇ ಪ್ರತಿ ಅಕ್ಷರ ನನಗೆ ಗೊತ್ತು. ಎಷ್ಟು ಬೆಡ್ಡು, ಎಷ್ಟು ಜನ, ಎಷ್ಟು ಗಂಟೆಗೆ ಕರೆದ್ರು, ಎಷ್ಟು ಗಂಟೆಗೆ ಹೋಗ್ಲಿಲ್ಲ. ಕೊನೇಲಿ, ಹೊಸ ಹಾಳೆಗೆ ಸಹಿ ಹಾಕಿದ್ದು ತಪ್ಪು ಅಂತಾನೂ.

ಬೆಳಿಗ್ಗೆ ಸೂಪರಿಂಟೆಂಡೆಂಟ್ ರೂಮಲ್ಲಿ, ತಾತನ ಮಗನ ಎದುರಿಗೇ ಅಕ್ಕ ಅದನ್ನ ಓದಿದ್ಲು. ಆಯಮ್ಮ ಬಾಗಿಲ ಹತ್ರ ನಿಂತಿದ್ಲು, ಮುಂದಿಂದು ಅವಳ ಬಾಯಿಂದಾನೂ ಕೇಳಿದ್ದೀನಿ. ಮೇಡಂ ನಕ್ಕಳಂತೆ. "ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ. ಮಾಡೋದೆಲ್ಲ ಮಾಡಿ ಈಗ ಜನ ಇರ್ಲಿಲ್ಲ ಅಂತಾಳೆ. ಅವಳದ್ದೇ ಸಹಿ ಇರೋ ಚಾರ್ಟಿದೆ, ನೋಡಿ ಸಾರ್." ಆಯಮ್ಮನ್ನೂ ಕರ್ಕೊಂಡು ವಾರ್ಡಿಗೆ ಹೋಗಿ, ಸೊಂಟದಿಂದ ಕೀಲಿಕೈ ತೆಗೆದು, ಅವಳ ಕಣ್ಣೆದುರಿಗೇ ಬೀರು ತೆರೆದು, ಫೈಲು ತಂದು ಮೇಜಿನ ಮೇಲೆ ಬಿಚ್ಚಿದ್ಲು.

ಎಲ್ಲರೂ ಬಗ್ಗಿ ನೋಡಿದ್ರು.

ಹನ್ನೆರಡರ ಚೌಕದ ಮೇಲೆ ಒಂದು ಗೆರೆ. ಎರಡರ ಚೌಕದ ಮೇಲೆ ಒಂದು ಗೆರೆ. ದಾರ ಹಿಡಿದ ಹಾಗೆ ನೇರ. ನೀಲಿ. ಮಗ ಬೆರಳಿಂದ ಮುಟ್ಟಿ ನೋಡಿದ... ಬೆರಳಿಗೆ ಪುಡಿ ಹತ್ತಿತು.

"ಅಪ್ಪ ಯಾವತ್ತೂ ಸ್ಕೇಲ್ ಇಡ್ತಿರ್ಲಿಲ್ಲ," ಅಂದ. ಅಷ್ಟೇ ಅಂದದ್ದು.

ಆಮೇಲೆ ಏನಾಯ್ತು ಅಂತೀರಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಅಕ್ಕನಿಗೆ ಖಾಯಂ ಆರ್ಡರ್ ಬರ್ಲಿಲ್ಲ, ನಾಳೆಯಿಂದ ಕೆಲಸಕ್ಕೆ ಬರಬೇಡ ಅಂತ ಎರಡು ಸಾಲಿನ ಕಾಗದ ಬಂತು. ಮೇಡಂನ ಬೇರೆ ವಾರ್ಡಿಗೆ ಹಾಕಿದ್ರು, ಅಲ್ಲೂ ಅವಳ ಸೊಂಟದಲ್ಲಿ ಕೀಲಿಕೈ ಇದೆಯಂತೆ. ಆದ್ರೆ ಅಕ್ಕನ ಆ ಕಾಗದ ಫೈಲಲ್ಲಿ ಕೂತ್ಕೊಂಡ ಮೇಲೆ ಆ ವಾರ್ಡಿಗೆ ರಾತ್ರಿ ಇಬ್ಬರು ನರ್ಸು ಬಂದ್ರು. ಅಕ್ಕ ಈಗ ಅಲ್ಲೇ ಹತ್ತಿರದ ಇನ್ನೊಂದು ಆಸ್ಪತ್ರೇಲಿ ಇದ್ದಾಳೆ. ಆಗದ್ದನ್ನ ಆಗಿಲ್ಲ ಅಂತ ಬರೀತಾಳೆ, ಬೈಸ್ಕೋತಾಳೆ, ಬಾವಿ ದಾರೀಲೇ ಮನೆಗೆ ಬರ್ತಾಳೆ. ಸದ್ದಿಲ್ಲ.

ಯಾರೋ ಬೇಕಂತ ಗೀಚಿದ್ದು ಅಂತ ಸೂಪರಿಂಟೆಂಡೆಂಟ್ ಬರೆದು ಮುಗಿಸಿದ್ರು. ನೀವೂ ಹಾಗೇ ಅಂತೀರಿ, ಗೊತ್ತು. ಅನ್ನಿ. ಆದ್ರೆ ಇದೊಂದು ಹೇಳಿ ನನಗೆ. ಆ ಹಾಳೇಲಿ ಮೂರು ಚೌಕ ಇತ್ತು, ಮೂರಕ್ಕೂ ಅದೇ ದುಂಡಗಿನ ಅಕ್ಷರ, ಅದೇ ಸಹಿ. ನಿಜವಾಗ್ಲೂ ತಿರುಗಿಸಿ ಮಲಗಿಸಿದ್ದು ಯಾವಾಗ ಅಂತ ಕಣ್ಣಾರೆ ಕಂಡವರು ಅಕ್ಕ ಒಬ್ಬಳು, ತಾತ ಒಬ್ಬರು.

ಹತ್ತು ಗಂಟೆಯ ಚೌಕದ ಮೇಲೆ ಗೆರೆ ಇರ್ಲಿಲ್ಲ.