ಅಪ್ಪನ ಅಂಗಿಯ ಧೂಳು

ಲ್ಯಾಬಿನ ಮುಂದೆ ಟೋಕನ್ ಹಿಡಿದು ಕೂತಿದ್ದೆ. ಪಕ್ಕದಲ್ಲಿ ಅಕ್ಕತಂಗಿಯರಿಬ್ಬರು ಒಂದು ರಿಪೋರ್ಟ್ ನೋಡುತ್ತಿದ್ದರು. ಕಿವಿ ಮುಚ್ಚಿಕೊಳ್ಳಲು ನಾನೇನು ಸಂತನಲ್ಲ.

"ಆಪರೇಷನ್ನಲ್ಲಿ ಅಮ್ಮನ ಕುತ್ತಿಗೆಯಿಂದ ತೆಗೆದ ರಕ್ತನಾಳದ ಚೂರಿನ ರಿಪೋರ್ಟ್ ಕಣೇ ಇದು," ಎಂದಳು ಅಕ್ಕ. "ಇರಬೇಕಾದ ಸತು ಕಮ್ಮಿಯಂತೆ. ಇರಬಾರದ ಸೀಸ ತುಂಬಿದೆಯಂತೆ."

"ಸೀಸ ಇರೋ ಬ್ಯಾಟರಿ ಕಾರ್ಖಾನೆಗೆ ಹೋಗೋದು ಅಪ್ಪ ಅಲ್ವಾ? ಅಮ್ಮ ಅದರ ಗೇಟನ್ನೂ ನೋಡಿದೋಳಲ್ಲ."

"ಅಪ್ಪನ ಅಂಗಿ ಒಗೀತಿದ್ದೋಳು ಯಾರು ಅಂತ ಕೇಳಿದ್ರು ಡಾಕ್ಟ್ರು. ಮೂವತ್ತು ವರ್ಷ, ನೀರಿಗೆ ಹಾಕೋ ಮುಂಚೆ ಧೂಳು ಕೊಡವ್ತಿದ್ಲಲ್ಲ."

"ಅಷ್ಟಕ್ಕೇನಾ?"

"ಕೊಡವೋವಾಗ ಬಾಯೆಲ್ಲ ಸಿಹಿಯಾಗತ್ತೆ ಅಂತಿದ್ಲು, ನೆನಪಿದ್ಯಾ? ಏನೂ ತಿನ್ನದೆ ಸಿಹಿ ಹೇಗೆ ಅಂತ ನಾವು ನಗ್ತಿದ್ವಿ. ಸೀಸದ ರುಚೀನೇ ಸಿಹಿಯಂತೆ."

ತಂಗಿ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

"ಯಾಕೇ, ಕೈ ನೋಡ್ಕೋತಿದ್ದೀಯ?"

"ಅಮ್ಮ ಹಾಸಿಗೆ ಹಿಡಿದ ಮೇಲೆ ಆ ಅಂಗಿ ಒಗೀತಿರೋದು ನಾನೇ ಅಲ್ವಾ, ಅಕ್ಕಾ."

"ಎಷ್ಟು ದಿನ ಆಯ್ತು?"

"ಎಂಟು ತಿಂಗಳು." ತಂಗಿ ನಾಲಿಗೆಯಿಂದ ತುಟಿ ಸವರಿಕೊಂಡಳು. "ಹೋದ ತಿಂಗಳಿಂದ ಟೀಗೆ ಸಕ್ಕರೆ ಬೇಕು ಅಂತಾನೇ ಅನಿಸ್ತಿಲ್ಲ."

ಅಕ್ಕ ರಿಪೋರ್ಟನ್ನು ಮಡಿಸಿ ಚೀಲಕ್ಕೆ ಹಾಕಿದಳು. ತಂಗಿಯ ಕೈ ಹಿಡಿದು ಎಬ್ಬಿಸಿ, ರಕ್ತ ತೆಗೆಯುವ ಕೋಣೆಯ ಕಡೆ ಕರೆದುಕೊಂಡು ಹೋದಳು.