ಗುಂಡಿ ಡಬ್ಬಿಯಲ್ಲಿ ಬಾಲ

ಪಶುವೈದ್ಯರ ಕೋಣೆಯ ಹೊರಗೆ ನನ್ನ ಪಕ್ಕದಲ್ಲಿ ನಮ್ಮ ಬೀದಿಯ ಟೈಲರಜ್ಜಿಯೂ ಮೊಮ್ಮಗಳೂ ಕೂತಿದ್ದರು. ಅಜ್ಜಿಯ ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು, ಕೈಯಲ್ಲೊಂದು ಗುಂಡಿ ಡಬ್ಬಿ. ಮೊಮ್ಮಗಳ ತೊಡೆಯ ಮೇಲಿನ ಗಾಜಿನ ಪೆಟ್ಟಿಗೆಯಲ್ಲಿ ಜುಟ್ಟಿರುವ ಸಾಕುಹಲ್ಲಿ.

“ಡಬ್ಬೀಲಿ ಏನಜ್ಜಿ?” ಮೊಮ್ಮಗಳು ಕೇಳಿದಳು.

“ಬಾಲ. ಡಾಕ್ಟ್ರು ಹೊಲಿದು ಕೊಡ್ತಾರೇನೋ ಅಂತ ತಂದೆ.”

“ಹೊಲಿಯೋಕಾಗಲ್ಲ.”

“ಬೆಳೆಯುತ್ತೆ ಬಿಡು. ಗೋಡೆ ಹಲ್ಲಿಗೆಲ್ಲ ಬೆಳೆಯಲ್ವಾ?”

“ಈ ಜಾತಿಗೆ ಬೆಳೆಯಲ್ಲ ಅಜ್ಜಿ. ಬಾಲ ಇಲ್ದೇನೂ ಚೆನ್ನಾಗೇ ಇರುತ್ತೆ.”

ಅಜ್ಜಿ ಡಬ್ಬಿಯ ಮುಚ್ಚಳವನ್ನು ಇನ್ನಷ್ಟು ಒತ್ತಿ ಮುಚ್ಚಿದರು.

“ಹಲ್ಲಿ ಕಂಡ್ರೆ ಮಾರುದೂರ ಓಡೋಳು ನೀನು. ಯಾಕೆ ಮುಟ್ಟೋಕೆ ಹೋದೆ?”

“ಪೆಟ್ಟಿಗೆ ಒಳಗಿನ ಎಲೆಗೆ ನೀರು ಚಿಮುಕಿಸೋಣ ಅಂತ ಬಾಗಿಲು ತೆಗೆದೆ. ಕಿಟಕಿಗೆ ಹಾರ್ತು. ಅದು ಹೋಗ್ಬಿಟ್ರೆ ನಿಂಗೆ ಹೇಗೆ ಮುಖ ತೋರಿಸ್ಲಿ? ಕೈಗೆ ಸಿಕ್ಕಿದ್ದು ಹಿಡ್ಕೊಂಡೆ.”

ಒಳಗಿನಿಂದ ಕರೆದರು. ಮೊಮ್ಮಗಳು ಎದ್ದು, ಪೆಟ್ಟಿಗೆಯನ್ನು ಅಜ್ಜಿಯ ಕೈಗಿಟ್ಟಳು.

“ಇದನ್ನ ನೀನೇ ಹಿಡ್ಕೊಂಡು ಬಾ. ಡಬ್ಬಿ ನಾನು ತರ್ತೀನಿ.”